ನೀರು ಕೊಡದ ಆರು ದಿನ

ನನ್ನ ಸೊಸೆಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ನಾನು ಆಕೆಗೆ ನೀರು ಕೊಡದೆ ಇದ್ದದ್ದರಿಂದ. ಊರಲ್ಲಿ ಬೇರೆ ಬೇರೆ ಮಾತುಗಳಿವೆ. ಮಿರಜಿನ ಡಾಕ್ಟರು ತಲೆಯ ಆಪರೇಷನ್ ಸರಿಯಾಗಿ ಮಾಡಲಿಲ್ಲ ಎನ್ನುವವರಿದ್ದಾರೆ. ಕೊಕಟನೂರ ಎಲ್ಲಮ್ಮನಿಗೆ ಹೊತ್ತ ಹರಕೆ ತೀರಿಸದೆ ಉಳಿದಿತ್ತು, ಅದಕ್ಕೆ ಹಾಗಾಯಿತು ಎನ್ನುವವರೂ ಇದ್ದಾರೆ. ಎರಡೂ ಸುಳ್ಳು. ಡಾಕ್ಟರು ತನ್ನ ಕೆಲಸ ನೆಟ್ಟಗೆ ಮಾಡಿದ್ದ. ಹರಕೆಯನ್ನು ನಮ್ಮ ಮನೆಯಲ್ಲಿ ಯಾರೂ ಹೊತ್ತೇ ಇರಲಿಲ್ಲ. ಎಲ್ಲಮ್ಮನ ಹೆಸರನ್ನು ಸುಮ್ಮನೆ ಎಳೆದು ತರುತ್ತಾರೆ.

ನಾನು ಮೂರನೇ ಇಯತ್ತೆವರೆಗೆ ಶಾಲೆಗೆ ಹೋದವಳು. ಅಕ್ಷರ ತಪ್ಪಾಗಬಹುದು, ವಿಷಯ ತಪ್ಪಿಲ್ಲ.

ನಮ್ಮದು ಜುಗೂಳ. ಕೃಷ್ಣೆಯ ದಂಡೆಗೆ ಹೊಲ, ಹೊಲದ ತುಂಬ ಕಬ್ಬು. ಮಗ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಸೊಸೆ ಊರಿನ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಬಸುರಿ ಬಾಣಂತಿಯರ ಮನೆ ಮನೆ ತಿರುಗುವುದು ಆಕೆಯ ಕೆಲಸ. ನಾನೂ ಅದೇ ಮನೆಗಳಿಗೆ ಹೋಗುತ್ತಿದ್ದೆ. ಆಕೆ ಬರುವುದಕ್ಕಿಂತ ಬಹಳ ಮೊದಲಿನಿಂದ ಊರಿನಲ್ಲಿ ಬಾಣಂತನ ಎಂದರೆ ನನ್ನನ್ನೇ ಕರೆಯುತ್ತಿದ್ದರು. ಎಣ್ಣೆ ಹಚ್ಚಿ ಕುದಿ ಕುದಿ ನೀರು ಹಾಕುವುದು, ತಲೆಗೆ ಅರಿವೆ ಬಿಗಿದು ಕಟ್ಟುವುದು, ಕಿವಿಗೆ ಹತ್ತಿ, ಮಲಗುವ ಹೊರಸಿನ ಕೆಳಗೆ ಕೆಂಡದ ಶೆಗಡಿ, ತಿನ್ನಲು ಅಂಟಿನ ಉಂಡೆ, ಒಣಕೊಬ್ಬರಿ, ಉತ್ತತ್ತಿ. ಕುಡಿಯಲು ಮಾತ್ರ ನೀರಿಲ್ಲ. ಅಜವಾನ ಹಾಕಿ ಕಾಯಿಸಿದ ನೀರು, ಅದೂ ಗುಟುಕಿನ ಲೆಕ್ಕದಲ್ಲಿ. ನೀರು ಕುಡಿದರೆ ಬಾಣಂತಿಯ ಹಸಿ ಮೈಯೊಳಗೆ ಅದು ನಿಂತುಬಿಡುತ್ತದೆ, ಹೊಟ್ಟೆ ಬರುತ್ತದೆ ಎಂದು ನನಗೆ ನನ್ನ ಅತ್ತೆ ಹೇಳಿದ್ದಳು. ಅವಳಿಗೆ ಅವಳ ಅತ್ತೆ.

ಸೊಸೆ ಆಶಾ ಆದ ಮೇಲೆ ಆ ಮನೆಗಳಿಗೆ ಬಂದು ನನ್ನ ಶೆಗಡಿಯನ್ನು ಹೊರಗೆ ಇಡಿಸುತ್ತಿದ್ದಳು. ಕಿಟಕಿ ತೆಗೆಸುತ್ತಿದ್ದಳು. ಬಾಣಂತಿಯ ಕೈಗೆ ತಂಬಿಗೆ ಕೊಟ್ಟು, "ಕುಡಿಯವಾ, ಹೊಟ್ಟಿ ತುಂಬ ಕುಡಿ, ಇಲ್ಲಂದ್ರ ಹಾಲ ಎಲ್ಲಿಂದ ಬರಬೇಕು," ಎನ್ನುತ್ತಿದ್ದಳು. ಒಮ್ಮೆ ತುಂಬಿದ ಪಡಸಾಲೆಯಲ್ಲಿ, ಹತ್ತು ಹೆಂಗಸರ ಎದುರಿಗೆ, "ಅತ್ತಿ, ನೀವು ಬಾಣಂತಿ ಆರೈಕಿ ಮಾಡಾಕತ್ತೀರೋ ಹಪ್ಪಳ ಒಣಗಸಾಕತ್ತೀರೋ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರೆಯಲಿಲ್ಲ.

ಆಕೆಗೆ ಒಂದು ವರ್ಷದಿಂದ ತಲೆನೋವಿತ್ತು. ಅಂಗಡಿಯ ಗುಳಿಗೆ ತಿಂದು ತಿರುಗುತ್ತಿದ್ದಳು. ಒಂದು ದಿನ ಮುಂಜಾನೆ ರಿಜಿಸ್ಟರಿನಲ್ಲಿ ಬರೆಯುತ್ತ ಕೂತಾಗ ಬಲಗೈಯಿಂದ ಪೆನ್ನು ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಏನೋ ಹೇಳಲು ಬಾಯಿ ತೆರೆದರೆ ಮಾತು ಕಲಸಿದ ಹಿಟ್ಟಿನಂತೆ ಬಂತು. ಚಿಕ್ಕೋಡಿಗೆ ಒಯ್ದು ಸ್ಕ್ಯಾನ್ ಮಾಡಿಸಿದಾಗ ತಲೆಯೊಳಗೆ ಲಿಂಬಿಕಾಯಿ ಗಾತ್ರದ ಗಂಟು ಕಂಡಿತು. ಕೆಟ್ಟ ಗಂಟಲ್ಲ, ಆದರೆ ತೆಗೆಯಲೇಬೇಕು ಎಂದು ಮಿರಜಿಗೆ ಕಳಿಸಿದರು.

ಮಿರಜಿನ ಡಾಕ್ಟರು ವಯಸ್ಸಿನಲ್ಲಿ ನನ್ನ ಮಗನಷ್ಟು. ಮರಾಠಿಯವ, ಆದರೆ ನಮ್ಮ ಕಡೆಯ ರೋಗಿಗಳನ್ನು ನೋಡಿ ನೋಡಿ ಕನ್ನಡ ಬರುತ್ತಿತ್ತು. ಯಾವ ಗುಳಿಗೆ ತಿನ್ನುತ್ತಿದ್ದಿ ಎಂದು ಕೇಳಿದ. ಸೊಸೆ ಚೀಲದಿಂದ ತೆಗೆದು ತೋರಿಸಿದಳು. ಅವನ ಮುಖ ಸಣ್ಣದಾಯಿತು.

"ಇದರಿಂದ ರಕ್ತ ತೆಳ್ಳಗ ಆಗತೈತಿ. ಎಂಟ ದಿನ ಇದು ಬಂದ್. ಆಮ್ಯಾಲ ಆಪರೇಷನ್."

"ಎಂಟ ದಿನ ಯಾಕ್ರಿ?" ಎಂದೆ. "ಇವತ್ತ ಮಾಡ್ರಿ. ಗಂಟ ಬೆಳದ್ರ?"

"ಆಜಿ, ಕೈ ಕೊಯ್ಕೊಂಡ್ರ ಒತ್ತಿ ಹಿಡೀತೀರಿ, ರಕ್ತ ನಿಲ್ಲತೈತಿ. ಮೆದುಳನ್ನ ಒತ್ತಿ ಹಿಡಿಯಾಕ ಬರಂಗಿಲ್ಲ. ರಕ್ತಕ್ಕ ತಾನ ನಿಲ್ಲೂ ಗುಣ ಇರಬೇಕು."

ಈ ಮಾತು ನನ್ನ ತಲೆಯಲ್ಲಿ ಕೂತಿತು, ಅರ್ಧ ಮಾತ್ರ ಕೂತಿತು. ಸೊಸೆಯ ರಕ್ತ ತೆಳ್ಳಗಾಗಿದೆ, ತೆಳ್ಳಗಿನ ರಕ್ತ ಕೆಟ್ಟದ್ದು, ಅಷ್ಟೆ. ಆ ಎಂಟು ದಿನ ಮನೆಯಲ್ಲಿ ಆಕೆ ತಲೆ ಹಿಡಿದುಕೊಂಡು ಮಲಗಿದ್ದಳು. ನಾನು ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದೆ. ರೊಟ್ಟಿ ತಟ್ಟುತ್ತ ಎದ್ದು ಎಮ್ಮೆಗೆ ನೀರು ಕುಡಿಸಲು ಹೋಗಿ, ಹಂಚಿನ ಮೇಲೆ ರೊಟ್ಟಿ ಸುಟ್ಟದ್ದು ಎರಡು ಸಲ.

ಆಪರೇಷನ್ ಐದು ತಾಸು ನಡೆಯಿತು. ಮಗ ಬಾಕಿನ ಮೇಲೆ ಕೂತಲ್ಲೇ ಗೊರಕೆ ಹೊಡೆದ. ನನಗೆ ಕೂಡ್ರಲು ಆಗಲಿಲ್ಲ. ಬಾಗಿಲಿನಿಂದ ಮೆಟ್ಟಿಲಿನ ತನಕ, ಮೆಟ್ಟಿಲಿನಿಂದ ಬಾಗಿಲಿನ ತನಕ ತಿರುಗಿದೆ. ಕಸ ಗುಡಿಸುವ ಹೆಂಗಸು, "ಆಜಿ, ಫರಶಿ ಸವೀತೈತಿ, ಕೂಡ್ರು," ಎಂದಳು. ನಡುವೆ ಒಬ್ಬ ನರ್ಸ್ ಹುಡುಗಿ ಹೊರಗೆ ಬಂದು ರಕ್ತದ ಬಾಟಲಿ ಬೇಕೆಂದು ಹೇಳಿದಳು. ಮಗ ಓಡಿ ತಂದ. ನೋಡು, ತೆಳ್ಳಗಿನ ರಕ್ತ, ಹರಿದು ಹೋಗುತ್ತಿದೆ ಎಂದುಕೊಂಡೆ. ಸಂಜೆಗೆ ಡಾಕ್ಟರು ಬಂದು ಗಂಟು ಪೂರ್ತಿ ಬಂತು, ಬಲಗೈ ಬಲಗಾಲಿಗೆ ಶಕ್ತಿ ಬರಲು, ಮಾತು ತಿದ್ದಲು ಸ್ವಲ್ಪ ದಿನ ಬೇಕು ಎಂದ.

ಎಂಟನೆಯ ದಿನ ಮನೆಗೆ ಕಳಿಸಿದರು. ಮಗ ಕಾಗದ ಓದಿ ಹೇಳಿದ. ಗುಳಿಗೆ ಇಂಥಿಂಥ ಹೊತ್ತಿಗೆ. ಮುಂಜಾನೆ ಸಂಜೆ ಹಿಡಿದುಕೊಂಡು ನಡೆಸಬೇಕು. ದಿನಕ್ಕೆ ಮೂರು ಲೀಟರ್ ನೀರು ಕುಡಿಸಬೇಕು.

"ತಿಳೀತಿಲ್ಲೋ, ಅವ್ವಾ? ಮೂರ ಲೀಟರ್."

"ತಿಳೀತೋ ಯಪ್ಪಾ. ನಿನ್ನ ಹಡದಾಕಿ ನಾ. ಹೋಗ ನೀ."

ಕಬ್ಬು ಅರೆಯುವ ಹಂಗಾಮು ಅದು. ಕಾರ್ಖಾನೆಯಲ್ಲಿ ಅವನಿಗೆ ರಜೆ ತೀರಿತ್ತು, ಮೇಲಾಗಿ ಒಬ್ಬರ ಪಾಳಿ ಇನ್ನೊಬ್ಬರು ಎಳೆಯಬೇಕಾದ ಕಾಲ. ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಎರಡು ದಿನಕ್ಕೊಮ್ಮೆ ರಾತ್ರಿ ಆಕೆ ಮಲಗಿದ ಮೇಲೆ ಮನೆಗೆ ಬಂದು, ಬಾಗಿಲಿನಿಂದಲೇ ನೋಡಿ ಹೋಗುತ್ತಿದ್ದ. ಸೊಸೆ ಪೂರ್ತಿಯಾಗಿ ನನ್ನ ಕೈಗೆ ಬಂದಳು.

ನಾನು ಆಕೆಯನ್ನು ಬಾಣಂತಿಯಂತೆ ಮಲಗಿಸಿದೆ. ಹೊಲಿಗೆ ಹಾಕಿದ ತಲೆ ಹಸಿ ತಲೆಯೇ ಅಲ್ಲವೇ. ಪಟ್ಟಿಯ ಮೇಲೆ ಅರಿವೆ ಕಟ್ಟಿದೆ, ಕಿವಿಗೆ ಹತ್ತಿ ಇಟ್ಟೆ, ಕಿಟಕಿ ಮುಚ್ಚಿದೆ, ಹೊರಸಿನ ಕೆಳಗೆ ಶೆಗಡಿ ತಂದೆ. ತೆಳ್ಳಗಿನ ರಕ್ತ ಗಟ್ಟಿಯಾಗಲಿ ಎಂದು ಅಂಟಿನ ಉಂಡೆ, ಉತ್ತತ್ತಿ, ತುಪ್ಪ ಹಾಕಿದ ಮೆತ್ತನ್ನ ಅನ್ನ ಕೊಟ್ಟೆ. ಎಬ್ಬಿಸಿ ನಡೆಸಲಿಲ್ಲ, ಗಾಳಿ ಹೊಕ್ಕೀತೆಂದು. ನೀರು ಕೊಡಲಿಲ್ಲ, ತಲೆಯ ಗಾಯಕ್ಕೆ ಇಳಿದೀತೆಂದು. ಗುಳಿಗೆ ನುಂಗಲು ಅಜವಾನದ ನೀರು, ನಾಲ್ಕು ಗುಟುಕು, ಮೂರು ಹೊತ್ತು. ಮೂರು ಲೀಟರ್ ಎನ್ನುವುದು ಪೇಟೆಯವರ ಕಾಗದದ ಮಾತು, ಎಲ್ಲರಿಗೂ ಒಂದೇ ಕಾಗದ ಬರೆದು ಕೊಡುತ್ತಾರೆ ಎಂದುಕೊಂಡೆ.

ಆಕೆ ಕೇಳಿದಳು. ಮಾತು ಇನ್ನೂ ತೊದಲುತ್ತಿತ್ತು. "ನೀ... ನೀ..." ಎಂದು ಎಡಗೈಯಿಂದ ತಂಬಿಗೆ ತೋರಿಸುತ್ತಿದ್ದಳು. "ತಲಿ ಹಸೇದೈತಿ, ಈಗ ಬ್ಯಾಡ," ಎಂದು ನಾನು ಒದ್ದೆ ಅರಿವೆಯಿಂದ ತುಟಿ ಒರೆಸುತ್ತಿದ್ದೆ. ಎರಡನೆಯ ದಿನ ಸಿಟ್ಟಿಗೆದ್ದು ಆ ಅರಿವೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹೀರಿದಳು. ನಾನು ಅದನ್ನು ಬಾಯಿಯಿಂದ ಬಿಡಿಸಿಕೊಂಡೆ.

ಸಿಟ್ಟು ತೀರಿಸಿಕೊಳ್ಳಲು ನೀರು ಕೊಡಲಿಲ್ಲವೇ ಎಂದರೆ, ಅಲ್ಲ. ನಾನು ನನಗೆ ಗೊತ್ತಿದ್ದ ಆರೈಕೆ ಮಾಡಿದೆ. ಆದರೆ ಆಕೆ ಎದ್ದು ಜಗಳ ಮಾಡಲಾರಳು ಎಂಬುದು ನನಗೆ ಗೊತ್ತಿತ್ತು, ಅದು ನನಗೆ ಹಗುರವೆನಿಸಿತ್ತು. ಪಕ್ಕದ ಮನೆಯವಳು ಬಂದು ನೋಡಿ, "ಏನ್ ಜ್ವಾಕಿ ಮಾಡ್ತೀರಿ ಯಕ್ಕಾ, ಹಡದ ತಾಯಿ ಮಾಡೂದಿಲ್ಲ ಹಿಂಗ," ಎಂದಾಗ ನನಗೆ ಖುಷಿಯೂ ಆಯಿತು.

ನಾಲ್ಕನೆಯ ದಿನ ಆಕೆಯ ಮೂತ್ರ ಕರೀ ಚಹಾದ ಬಣ್ಣಕ್ಕೆ ಬಂತು. ಗುಳಿಗೆಯ ಉಷ್ಣ ಎಂದುಕೊಂಡೆ. ಐದನೆಯ ದಿನ ಉಣ್ಣುತ್ತ ಉಣ್ಣುತ್ತ ನಿದ್ದೆಗೆ ಜಾರಿದಳು. ರಕ್ತ ಕೂಡಿತು, ನಿದ್ದೆ ಬಂತು ಎಂದುಕೊಂಡೆ. ಆರನೆಯ ದಿನ ಮುಂಜಾನೆ ಬಲಗಾಲಿನ ಬೆರಳಲ್ಲಿ ಕಾಲುಂಗುರ ಮಾಂಸದೊಳಗೆ ಹೂತಿತ್ತು. ಮೀನಖಂಡ ಮುಟ್ಟಿದರೆ ಬಿಸಿ, ಬಿಗಿ. ಆಕೆ ಮುಲುಗಿದಳು, ಕಣ್ಣು ಮಾತ್ರ ತೆರೆಯಲಿಲ್ಲ. ಆಗ ಮಗನಿಗೆ ಫೋನ್ ಮಾಡಿದೆ.

ಅವನು ಗಾಡಿ ತಂದ, ಆಕೆಯನ್ನು ಹಾಕಿಕೊಂಡು ಮಿರಜಿಗೆ ಹೊರಟೆವು. ಕಾಗವಾಡದ ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರು, ಒಂದೊಂದರ ಹಿಂದೆ ಎರಡೆರಡು ಟ್ರೇಲರು. ದಾರಿ ಬಿಡಲಿಲ್ಲ. ಮುಂದಿನವನು ಹಾಡು ಹಚ್ಚಿಕೊಂಡಿದ್ದ, ಹಾರ್ನ್ ಕೇಳಿಸುತ್ತಿರಲಿಲ್ಲ. ನಾನು ಗಾಡಿ ನಿಲ್ಲಿಸಲು ಹೇಳಿ, ಇಳಿದು ಓಡಿ, ಆ ಟ್ರ್ಯಾಕ್ಟರಿನವನಿಗೆ ಬಾಯಿಗೆ ಬಂದದ್ದು ಬೈದು, ಬದಿಗೆ ಸರಿಸಿ ಬಂದೆ. ಮಗ, "ಅವ್ವಾ, ಕೂಡ್ರ ನೀ," ಎಂದ. ಕೂತೆ. ಸೊಸೆಯ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಅದನ್ನು ನಾನು ಆರು ದಿನ ದಿನಾಲೂ ಒರೆಸಿದ್ದೆ, ನೋಡಿದ್ದು ಅಂದೇ.

ಆಸ್ಪತ್ರೆಯಲ್ಲಿ ಮೊದಲು ಕಾಲು ನೋಡಿದರು, ಆಮೇಲೆ ತಲೆ. ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದ. ಕಾಲಿನ ನರದಲ್ಲಿ ರಕ್ತದ ಗಡ್ಡೆ ಕೂತಿದೆ. ಅದು ಕಿತ್ತು ಎದೆಗೆ ಹೋದರೆ ಉಸಿರು ನಿಲ್ಲಬಹುದು.

"ಅದನ್ನ ಕರಗಸಾಕ ರಕ್ತ ತೆಳ್ಳಗ ಮಾಡೂ ಇಂಜೆಕ್ಷನ್ ಕೊಡಬೇಕು," ಎಂದ. "ಆದ್ರ ಹದಿನೈದ ದಿನದ ಹಿಂದ ತಲಿ ತೆರದೇವಿ. ತೆಳ್ಳಗ ಮಾಡಿದ್ರ ಅಲ್ಲಿ ಸೋರಬಹುದು. ಅತ್ಲಾಗ ದರಿ, ಇತ್ಲಾಗ ಬಾವಿ ಇದ್ದಂಗ. ನೀರ ಎಷ್ಟ ಕುಡೀತಿದ್ರು ಇವ್ರು?"

"ಮೂರ ಲೀಟರ್ ರಿ," ಎಂದ ಮಗ. "ಅವ್ವ ಕುಡಸ್ಯಾಳ."

ನಾನು ಸುಮ್ಮನಿದ್ದೆ. ಒಪ್ಪಿದಂತೆ ತಲೆಯನ್ನೂ ಆಡಿಸಿರಬಹುದು.

"ಹಂಗಂದ್ರ ಈ ಮಂಪರ ಮೆದುಳಿನ ಬಾವಿನಿಂದ ಬಂದಿರಬೇಕು. ಸ್ಕ್ಯಾನ್‌ದಾಗ ಸ್ವಲ್ಪ ಬಾವು ಕಾಣತೈತಿ. ರಕ್ತದ ರಿಪೋರ್ಟ್ ಬರಾಕ ಇನ್ನೊಂದ ತಾಸ ಬೇಕು, ಅಲ್ಲಿತನ ಕಾಯೂದ ಬ್ಯಾಡ. ಮೈಯಾಗಿನ ನೀರ ಹೊರಗ ಎಳಿಯೂ ಔಷಧ ಹಚ್ಚತೀನಿ, ಬಾವು ಇಳೀತೈತಿ." ಪಕ್ಕದಲ್ಲಿ ನಿಂತ ನರ್ಸಿಗೆ ಮರಾಠಿಯಲ್ಲಿ ಏನೋ ಹೇಳಿದ. ಆಕೆ ಹೊರಟಳು.

ನಾನು ಗಾಣದ ಮನೆಯಲ್ಲಿ ಬೆಳೆದವಳು. ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ಹುಟ್ಟಿನಿಂದ ನೋಡಿದ್ದೇನೆ. ಹಾಲು ನೀರಿನಂತೆ ಇರುತ್ತದೆ. ನೀರು ಆರುತ್ತ ಬಂದ ಹಾಗೆ ಕಾಕಂಬಿಯಾಗುತ್ತದೆ, ಸಟ್ಟುಗದಿಂದ ಎತ್ತಿದರೆ ನೂಲಿನಂತೆ ಇಳಿಯುತ್ತದೆ. ಇನ್ನೂ ಉರಿ ಹಾಕಿದರೆ ಬೆಲ್ಲವೇ. ಏನನ್ನೂ ಕೂಡಿಸುವುದಿಲ್ಲ, ನೀರು ಹೋಗುತ್ತದೆ, ಅಷ್ಟೆ. ಅಷ್ಟು ಗೊತ್ತಿದ್ದೂ ಆರು ದಿನ ಹೊರಸಿನ ಕೆಳಗೆ ಶೆಗಡಿ ಇಟ್ಟು ಕೂತವಳು ನಾನು. ಈಗ ಈ ಡಾಕ್ಟರು ಇನ್ನಷ್ಟು ಉರಿ ಹಾಕಲು ಹೊರಟಿದ್ದ.

"ನರ್ಸ್‌ಬಾಯಿನ್ನ ನಿಲ್ಲಸ್ರಿ, ಸಾಹೇಬ್ರ," ಎಂದೆ. "ನೀರ ಎಳೀಬ್ಯಾಡ್ರಿ. ಆಕಿ ಮೈಯಾಗ ನೀರ ಇಲ್ಲ. ನಾ ಕೊಟ್ಟಿಲ್ಲ."

ಡಾಕ್ಟರು ಮಗನನ್ನು ನೋಡಿದ. ಮಗ ನನ್ನನ್ನು ನೋಡಿದ.

"ಕೊಟ್ಟಿಲ್ಲಂದ್ರ? ಎಷ್ಟ ಕೊಟ್ಟೀರಿ?"

"ಹೊತ್ತಿಗೆ ನಾಕ ಗುಟುಕ. ಮೂರ ಹೊತ್ತ."

"ಎಷ್ಟ ದಿನ?"

"ಆರ ದಿನ. ನಡಸೂದ ಸೈತ ನಡಸಿಲ್ಲ. ಬಾಣಂತಿಗತೆ ಮಲಗಸಿದ್ನಿ."

ಅವನು ಎದ್ದು ಬಾಗಿಲಿಗೆ ಹೋಗಿ ನರ್ಸನ್ನು ಕೂಗಿದ. ಬೇರೇನೋ ತರಲು ಹೇಳಿದ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಬಂದು ಕೂತು, "ಮಲಗೇ ಇದ್ರೂ ಗಡ್ಡಿ ಆಗತೈತಿ, ಇಂಥಾ ಆಪರೇಷನ್ ಆದವ್ರಿಗೆ ಹಂಗೂ ಆಗೂದ ಐತಿ. ಎಲ್ಲಾ ನಿಮ್ಮಿಂದ ಅಂತ ನಾ ಹೇಳಂಗಿಲ್ಲ, ಆಜಿ. ಆದ್ರ ಈಗ ಹೇಳಿದ್ದು ಚಲೋ ಆತು," ಎಂದ. ನನ್ನ ಪಾಲನ್ನು ಕಡಿಮೆ ಮಾಡಿ ಕೊಟ್ಟ. ನನಗೆ ಆ ರಿಯಾಯಿತಿ ಬೇಕಿರಲಿಲ್ಲ. ಸಲಾಯಿನ್ ಹಚ್ಚಿದರು, ಅದೂ ನಿಧಾನ, ಹನಿ ಹನಿ. ಒಮ್ಮೆಲೆ ನೀರು ಸುರಿದರೂ ತಲೆಗೆ ಕೆಟ್ಟದ್ದಂತೆ. ತಾಸಿನ ಮೇಲೆ ಬಂದ ರಿಪೋರ್ಟೂ ನನ್ನ ಮಾತನ್ನೇ ಹೇಳಿತು. ರಕ್ತ ತೆಳ್ಳಗೆ ಮಾಡುವ ಇಂಜೆಕ್ಷನ್ನನ್ನು ಸ್ವಲ್ಪ ಸ್ವಲ್ಪವೇ ಕೊಡಲು ಶುರುಮಾಡಿದರು. ತಲೆಯಲ್ಲಿ ಸೋರಿಕೆ ಇದೆಯೋ ಇಲ್ಲವೋ ಎಂದು ನಾಳೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತೇವೆ, ಅಲ್ಲಿಯವರೆಗೆ ಆಕೆಯನ್ನು ಹಾಸಿಗೆಯಿಂದ ಅಲುಗಾಡಿಸಬೇಡಿ ಎಂದರು.

ಹೊರಗೆ ಮಗ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಅವ್ವಾ, ಆಕಿ ನೀರ ಕೇಳಿದ್ಳಾ?"

"ಕೇಳಿದ್ಳು."

"ಎಷ್ಟ ಸಲ?"

"ಎಣಿಸಿಲ್ಲ."

ಅವನು ಮುಂದೆ ಕೇಳಲಿಲ್ಲ. ಕೇಳಿದ್ದರೆ ಆ ಒದ್ದೆ ಅರಿವೆಯ ಮಾತನ್ನೂ ಹೇಳುತ್ತಿದ್ದೆ.

ಸಂಜೆಗೆ ಸೊಸೆ ಕಣ್ಣು ತೆರೆದಳು. ನನ್ನನ್ನು ನೋಡಿದಳು. ಒಂದೊಂದೇ ಅಕ್ಷರ ಹುಡುಕಿ ತೆಗೆದು ಮಾತಾಡಿದಳು.

"ಅತ್ತಿ... ನಾ ಏನ... ಹಡದಿದ್ನಿ?"

"ಲಿಂಬಿಕಾಯಿಯಷ್ಟ ಹಡದಿ," ಎಂದೆ. "ಡಾಕ್ಟರ್ ಡಬ್ಬ್ಯಾಗ ಹಾಕಿಟ್ಟಾನಂತ."

"ಗಂಡೋ... ಹೆಣ್ಣೋ?"

ಪಕ್ಕದ ಹಾಸಿಗೆಯವರು ನಕ್ಕರು. ಆಕೆ ನಗಲಿಲ್ಲ. ಕೈ ಚಾಚಿ ಲೋಟ ತೋರಿಸಿದಳು. ನರ್ಸನ್ನು ಕೇಳಿ, ತಲೆದಿಂಬು ಎತ್ತರಿಸಿ ಕುಡಿಸಿದೆ. ಲೋಟ ಖಾಲಿಯಾದ ಮೇಲೆಯೂ ಆಕೆ ಅದರ ಅಂಚು ಬಿಡಲಿಲ್ಲ. ಇನ್ನೊಂದು ತುಂಬಿದೆ.

ಅಷ್ಟರಲ್ಲಿ ರಾಯಬಾಗದಿಂದ ಆಕೆಯ ತಮ್ಮನ ಫೋನು ಬಂತು. ಅವನಿಗೆ ಅಕ್ಕ ಎಂದರೆ ಜೀವ, ಸಿಟ್ಟೂ ಅಷ್ಟೇ. ಅವನ ಕೂಗು ಮಗನ ಕಿವಿಯಿಂದ ನನ್ನ ತನಕ ಕೇಳುತ್ತಿತ್ತು. "ಆಪರೇಷನ್ ಕೆಡಿಸ್ಯಾರ ಮಾಮಾ ಅವ್ರು! ಮುಂಜಾನೆ ಜೀಪ ತಗೊಂಡ ಬರ್ತೀನಿ. ಅಕ್ಕನ್ನ ಎತ್ಕೊಂಡ ಕೊಲ್ಹಾಪುರಕ್ಕ ಒಯ್ತೀನಿ. ಆ ಡಾಕ್ಟರ್ನ ನಾ ನೋಡ್ಕೋತೀನಿ!" ಮಗ ಹೂಂ ಹೂಂ ಎಂದು ಫೋನು ಇಟ್ಟ. ನಿಜ ಹೇಳಲಿಲ್ಲ.

"ಯಾಕೋ, ಹೇಳಬೇಕಿಲ್ಲೋ?"

"ಏನಂತ ಹೇಳಲಿ? ನಮ್ಮವ್ವ ನಿಮ್ಮಕ್ಕಗ ನೀರ ಕೊಡಲಿಲ್ಲ ಅಂತನಾ? ನಾಳೆ ಊರಾಗ ಹೆಂಗ ತಲಿ ಎತ್ತತಿ ನೀ?" ಎಂದ. "ಆಪರೇಷನ್‌ದಾಗ ಏನೋ ಆಗಿರಬೇಕು ಅನ್ನೂಣು. ಬಂದ ಮ್ಯಾಲ ನಾ ಅವಗ ಸಮಾಧಾನ ಹೇಳ್ತೀನಿ."

ಅವನು ನನ್ನ ಮರ್ಯಾದೆ ಉಳಿಸಲು ನೋಡಿದ. ಆ ಹುಡುಗ ಸಮಾಧಾನಕ್ಕೆ ಬಗ್ಗುವವನಲ್ಲ. ಜೀಪಿನಲ್ಲಿ, ಗಡ್ಡೆ ಕೂತ ಕಾಲು ಎಗರಾಡುತ್ತ ಕೊಲ್ಹಾಪುರದ ದಾರಿ. ಎತ್ತುವಾಗಲೇ ಕಿತ್ತರೆ? ನನಗೆ ಒಂದು ಕಡೆ ಕೂಡ್ರಲಾಗಲಿಲ್ಲ. ಹಾಸಿಗೆಯ ಸುತ್ತ ತಿರುಗಿದೆ, ಸಲಾಯಿನ್ ಹನಿ ನೋಡಿದೆ, ಹೊರಗೆ ಹೋದೆ, ಮತ್ತೆ ಬಂದೆ.

ಆಕೆ ಬದುಕಿದಳು, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಲಗಾಲಿಗೆ ಬಿಗಿಯಾದ ಕಾಲುಚೀಲ ಏರಿಸಿಕೊಂಡು, ತುಸು ಎಳೆದು ನಡೆಯುತ್ತ ಈಗಲೂ ಮನೆ ಮನೆ ತಿರುಗುತ್ತಾಳೆ. ನನ್ನ ಜೊತೆ ಮಾತಾಡುತ್ತಾಳೆ. ಕ್ಷಮಿಸಿದಳೋ ಇಲ್ಲವೋ ನಾನು ಕೇಳಿಲ್ಲ. ಕೇಳಿದರೆ ಹೇಳುವವಳೇ, ಅದಕ್ಕೇ ಕೇಳಿಲ್ಲ.

ಮರುದಿನ ಮುಂಜಾನೆ, ಮಗ ಹಲ್ಲುಜ್ಜಲು ಹೋದಾಗ, ನಾನು ಅವನಿಗೆ ಹೇಳದೆ ಕೆಳಗಿಳಿದೆ. ಗೇಟಿನ ಹತ್ತಿರ ಚಹಾದ ಗಾಡಿಯ ಪಕ್ಕದಲ್ಲಿ ನಿಂತೆ. ರಾಯಬಾಗದಿಂದ ಕುಡಚಿಯ ಸೇತುವೆ ದಾಟಿ ಧೂಳು ಮೆತ್ತಿಕೊಂಡು ಜೀಪು ಬಂತು. ಸೊಸೆಯ ತಮ್ಮ, ಅವನ ಜೊತೆ ಮೂವರು ಗಂಡಸರು. ಅವನು ಇಳಿಯುತ್ತಲೇ ತೋಳು ಏರಿಸಿದ್ದ.

"ಅತ್ತಿ, ಎಲ್ಲದಾಳ ಅಕ್ಕ? ಸರೀರಿ, ಮ್ಯಾಲ ಹೋಗ್ತೀನಿ."

"ಹೋಗಬ್ಯಾಡ. ಮೊದಲ ನನ್ನ ಮಾತ ಕೇಳ. ಡಾಕ್ಟರ್ ಏನೂ ಮಾಡಿಲ್ಲ. ನಾ ನಿಮ್ಮಕ್ಕಗ ಆರ ದಿನ ನೀರ ಕೊಡಲಿಲ್ಲ. ಕೇಳಿದ್ಳು, ಕೊಡಲಿಲ್ಲ. ಅದಕ್ಕ ರಕ್ತ ದಪ್ಪಾಗಿ ಕಾಲಾಗ ಕುಂತೈತಿ. ಎತ್ತಿ ಅಲುಗಾಡಿಸಿದ್ರ ಎದಿಗಿ ಹೋಗತೈತಿ ಅಂದಾರ."

ಅವನಿಗೆ ಒಮ್ಮೆಲೆ ತಿಳಿಯಲಿಲ್ಲ. ತಿಳಿದ ಮೇಲೆ ಹತ್ತಿರ ಬಂದ. ಚಹಾದವನು ಸೋಸುವುದನ್ನು ಬಿಟ್ಟು ನಿಂತ.

"ಮುದುಕಿ, ನಿನಗ ಬುದ್ಧಿ ಐತೇನ? ನಾಯಿಗೆ ಸೈತ ನೀರ ಇಡ್ತಾರ!"

"ಹೌದು. ಇಡ್ತಾರ."

"ಆಕಿ ಸತ್ತಿದ್ರ?"

"ನಾ ಕೊಂದಂಗ ಆಗತಿತ್ತು."

ಅವನು ಬೈದ. ನನ್ನನ್ನು, ನನ್ನ ವಂಶವನ್ನು, ನಾನು ಮಾಡಿದ ಬಾಣಂತನಗಳನ್ನೆಲ್ಲ ಎತ್ತಿ ಬೈದ. ಆಸ್ಪತ್ರೆಗೆ ಬಂದವರು ನಿಂತು ಕೇಳಿದರು. ಅವರಲ್ಲಿ ಕಾಗವಾಡದ ಕಡೆಯವರೂ ಇದ್ದರು, ಸಂಜೆಯೊಳಗೆ ಸುದ್ದಿ ಊರು ಮುಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಗೇಟಿನ ನಡುವೆ ನಿಂತಿದ್ದೆ, ಸರಿಯಲಿಲ್ಲ. ಅವನ ಬಾಯಿ ಸೋತ ಮೇಲೆ ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತು ಟವೆಲ್ಲಿನಿಂದ ಮುಖ ಒತ್ತಿಕೊಂಡ.

"ಹತ್ತಕ್ಕ ತಲಿ ಸ್ಕ್ಯಾನ್ ಐತಿ," ಎಂದೆ. "ನೀ ಒಬ್ಬನ ಬಂದ ಆಕಿ ಮಗ್ಗಲಿಗೆ ಕೂಡ್ರ. ಇವರನ್ನ ಊರಿಗೆ ಕಳಸ."

ಕಳಿಸಿದ. ನಾನು ಅವನನ್ನು ಮೇಲೆ ಕರೆದುಕೊಂಡು ಹೋದೆ.